ಚಕ್ರದ ಮೇಲಿನ ಮನೆಗೆ ನಾಲ್ಕು ಸಾಮಾನು, ಒಂದಿಷ್ಟು ಹಳೆ ಬಟ್ಟೆ ಸಾಕು

ಮಲಗುವ ಜಾಗ, ಅಡುಗೆಕಟ್ಟೆ, ಬಚ್ಚಲು ಎಲ್ಲವೂ ಇರುವ ಗಾಡಿ ಆರ್‌ವಿ. ನಿವೃತ್ತಿಯಾದ ಮೇಲೆ ಅದರಲ್ಲೇ ಊರೂರು ಸುತ್ತುವ ಗಂಡ-ಹೆಂಡತಿಗೆ ಮನೆಗೆಲಸವೇನೂ ತಪ್ಪುವುದಿಲ್ಲ. ಅದರ ಲೆಕ್ಕಾಚಾರ ಮಾತ್ರ ಬೇರೆ. ಇಲ್ಲಿ ನೀರು ಟ್ಯಾಂಕಿನಲ್ಲಿ ಇದ್ದಷ್ಟೇ. ಬಳಸಿದ ನೀರು ಕೂಡ ಎಲ್ಲೋ ಹರಿದು ಹೋಗುವುದಿಲ್ಲ, ಗಾಡಿಯಡಿಯ ಇನ್ನೊಂದು ಟ್ಯಾಂಕಿನಲ್ಲಿ ತುಂಬಿಕೊಳ್ಳುತ್ತದೆ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ ಭಾರ. ಕಪಾಟಿನಲ್ಲಿ ಸುಮ್ನೆ ಕೂತಿರುವ ಕ್ಲೀನರ್ ಬಾಟಲಿಯೂ ಭಾರವೇ. ಅದಕ್ಕೇ ಸಿಂಕಿಗೊಂದು, ಕನ್ನಡಿಗೊಂದು, ಬಚ್ಚಲಿಗೊಂದು ಅಂತ ಬಾಟಲಿ ಕೂಡಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ನಾಲ್ಕು ಸಾಮಾನು, ಒಂದು ಎಚ್ಚರಿಕೆ

ಬಿಳಿ ವಿನಿಗರ್, ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್, ವಾಸನೆ ಬೆರೆಸದ ಬ್ಲೀಚ್. ಬಹುಪಾಲು ಕೆಲಸ ಇಷ್ಟರಲ್ಲೇ ಆಗುತ್ತದೆ. ವಿನಿಗರ್ ಹುಳಿ, ಹಾಗಾಗಿ ಗಡಸು ನೀರು ಬಿಟ್ಟುಹೋಗುವ ಬಿಳಿ ಕರೆಯನ್ನು ಕರಗಿಸುತ್ತದೆ. ಸೋಡಾ ನುಣ್ಣನೆಯ ಪುಡಿ, ಗೀರು ಬೀಳದಂತೆ ಉಜ್ಜಲು ಮತ್ತು ವಾಸನೆ ತೆಗೆಯಲು ಸರಿ. ಜಿಡ್ಡಿಗೆ ಲಿಕ್ವಿಡ್. ಬ್ಲೀಚ್ ಬೇಕಾಗುವುದು ಮುಖ್ಯವಾಗಿ ನೀರಿನ ಟ್ಯಾಂಕಿಗೆ.

ವಿನಿಗರ್‌ಗೆ ಸೋಡಾ ಸುರಿದು ನೊರೆ ಉಕ್ಕಿಸುವುದನ್ನು ತುಂಬ ಜನ ಮಾಡುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆದುಬಿಡುತ್ತದೆ. ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪಿನ ನೀರು. ಮೊದಲು ಸೋಡಾ ಹಾಕಿ ಉಜ್ಜಿ, ಒರೆಸಿ. ಆಮೇಲೆ ಬೇಕಿದ್ದರೆ ವಿನಿಗರ್ ಹಾಕಿ.

ಈಗ ಎಚ್ಚರಿಕೆ. ಬ್ಲೀಚ್ ಜೊತೆ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚ್ ಜೊತೆ ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷದ ಹೊಗೆ ಬರುತ್ತದೆ. ದೊಡ್ಡ ಮನೆಯಲ್ಲಾದರೆ ಹೊರಗೆ ಓಡಿಹೋಗಬಹುದು. ಗಾಡಿಯ ಬಚ್ಚಲಲ್ಲಿ ತಿರುಗಲೂ ಜಾಗವಿಲ್ಲ, ಅಲ್ವಾ? ಹಾಗಾಗಿ ಬ್ಲೀಚ್ ಮುಟ್ಟುವ ದಿನ ಬೇರೆ ಯಾವ ಕ್ಲೀನರನ್ನೂ ಮುಟ್ಟಬೇಡಿ. ಬಾಟಲಿಗಳ ಮೇಲೆ ದಪ್ಪ ಮಾರ್ಕರ್‌ನಲ್ಲಿ, ಕನ್ನಡಕವಿಲ್ಲದೆಯೂ ಓದುವಷ್ಟು ದೊಡ್ಡದಾಗಿ ಹೆಸರು ಬರೆಯಿರಿ. ಕುಡಿಯುವ ನೀರಿನ ಹಳೆ ಬಾಟಲಿಗೆ ಕ್ಲೀನರ್ ತುಂಬಿಡಲೇಬೇಡಿ.

ಶವರ್ ಕಟ್ಟಿಕೊಂಡರೆ

ಜಾಗ ಬದಲಾದ ಹಾಗೆ ನೀರೂ ಬದಲಾಗುತ್ತದೆ. ಗಡಸು ನೀರಿನ ಕಡೆ ಒಂದಷ್ಟು ದಿನ ಇದ್ದರೆ ಸಾಕು, ಶವರ್ ತೂತುಗಳ ಸುತ್ತ ಬಿಳಿ ಹರಳು ಕೂರುತ್ತದೆ. ನೀರು ನೇರವಾಗಿ ಬೀಳದೆ ಪಕ್ಕಕ್ಕೆ ಚಿಮ್ಮುತ್ತದೆ. ಶವರ್ ಹೊಸದು ತರಬೇಕಿಲ್ಲ, ಬಿಚ್ಚಲೂಬೇಕಿಲ್ಲ. ತೂತಿಲ್ಲದ ಒಂದು ಪ್ಲಾಸ್ಟಿಕ್ ಚೀಲಕ್ಕೆ ಶವರ್ ಮುಖ ಮುಳುಗುವಷ್ಟು ವಿನಿಗರ್ ಹಾಕಿ, ಶವರ್‌ಗೆ ತೊಡಿಸಿ, ಕತ್ತಿನ ಹತ್ತಿರ ರಬ್ಬರ್ ಬ್ಯಾಂಡ್ ಬಿಗಿಯಿರಿ. ಹತ್ತಿರದಿಂದ ನೋಡಿದರೆ ಹರಳಿನ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಏಳುತ್ತಿರುತ್ತವೆ. ಅದು ಕರಗುತ್ತಿರುವ ಸುಣ್ಣದಂಶ. ಅರ್ಧ ಗಂಟೆ ಬಿಟ್ಟು ಚೀಲ ತೆಗೆದು, ಹಳೆ ಟೂತ್‌ಬ್ರಷ್‌ನಿಂದ ತೂತುಗಳನ್ನು ಉಜ್ಜಿ ನೀರು ಬಿಡಿ. ಕರೆ ಇನ್ನೂ ಇದ್ದರೆ ಇನ್ನೊಮ್ಮೆ ಮಾಡಿ. ರಾತ್ರಿಯೆಲ್ಲ ಬಿಡುವುದು ಬೇಡ, ಲೋಹದ ಹೊಳಪು ಹಾಳಾಗಬಹುದು. ಚೀಲದಲ್ಲಿ ಉಳಿದ ವಿನಿಗರನ್ನು ಚೆಲ್ಲಬೇಡಿ. ಹಳೆ ಬಟ್ಟೆ ಅದ್ದಿ ಸಿಂಕಿನ ನಲ್ಲಿಗೆ ಸುತ್ತಿಡಿ, ಟಾಯ್ಲೆಟ್ ಬೋಗುಣಿಯ ಬಿಳಿ ಗೆರೆಯ ಮೇಲೂ ಒತ್ತಿಡಿ. ಗ್ರಾನೈಟ್, ಅಮೃತಶಿಲೆಯ ಕಟ್ಟೆಗೆ ಮಾತ್ರ ವಿನಿಗರ್ ಸೋಕಿಸಬಾರದು.

ಕುಡಿಯುವ ನೀರಿನ ಟ್ಯಾಂಕ್ ತೊಳೆಯುವುದು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಗಾಡಿ ಬಹಳ ದಿನ ನಿಂತಿದ್ದರೆ, ನೀರಿಗೆ ಮುಗ್ಗಲು ವಾಸನೆ ಬಂದರೆ ತಡಮಾಡಬೇಡಿ. ಅಳತೆ ನೆನಪಿಡುವುದು ಸುಲಭ: ಟ್ಯಾಂಕಿನ ಒಂದೊಂದು ಲೀಟರಿಗೆ 1 ಮಿಲಿ ಬ್ಲೀಚ್. ಅಂದರೆ 100 ಲೀಟರಿನ ಟ್ಯಾಂಕಿಗೆ 100 ಮಿಲಿ. ಇದು ಸುಮಾರು 5 ಶೇಕಡಾ ಶಕ್ತಿಯ ಮನೆಬಳಕೆಯ ಬ್ಲೀಚ್‌ನ ಲೆಕ್ಕ. ಪರಿಮಳದ್ದು, ಜೆಲ್ ಥರದ್ದು ಬೇಡ.

1. ವಾಟರ್ ಹೀಟರ್ ಆಫ್ ಮಾಡಿ ತಣ್ಣಗಾಗಲು ಬಿಡಿ. ನೀರಿನ ಫಿಲ್ಟರ್ ಬಿಚ್ಚಿಡಿ, ಬ್ಲೀಚ್ ಅದನ್ನು ಕೆಡಿಸುತ್ತದೆ.

2. ಟ್ಯಾಂಕಿನಲ್ಲಿರುವ ಹಳೆ ನೀರನ್ನೆಲ್ಲ ಖಾಲಿ ಮಾಡಿ.

3. ಅಳೆದ ಬ್ಲೀಚನ್ನು ಒಂದು ಬಕೆಟ್ ನೀರಿಗೆ ಹಾಕಿ ತೆಳ್ಳಗೆ ಮಾಡಿಕೊಳ್ಳಿ. ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ. ಅದನ್ನು ಟ್ಯಾಂಕಿಗೆ ಹಾಕಿ, ಮೇಲೆ ಪೂರ್ತಿ ನೀರು ತುಂಬಿಸಿ.

4. ಪಂಪ್ ಆನ್ ಮಾಡಿ ಒಂದೊಂದೇ ನಲ್ಲಿ ತೆರೆಯಿರಿ. ಬಿಸಿ, ತಣ್ಣೀರು ಎರಡನ್ನೂ ತೆರೆದು, ಬ್ಲೀಚ್ ವಾಸನೆ ಬಂದ ಕೂಡಲೇ ಮುಚ್ಚಿ. ಶವರ್ ಮರೆಯಬೇಡಿ, ಹೊರಗಡೆ ನಲ್ಲಿಯಿದ್ದರೆ ಅದನ್ನೂ.

5. ಕಡಿಮೆಯೆಂದರೂ 4 ಗಂಟೆ ಹಾಗೇ ಬಿಡಿ. ಆಮೇಲೆ ಖಾಲಿ ಮಾಡಿ, ಹೊಸ ನೀರು ತುಂಬಿಸಿ, ವಾಸನೆ ಹೋಗುವವರೆಗೆ ಎಲ್ಲ ನಲ್ಲಿಯಲ್ಲೂ ಬಿಡಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ ತುಂಬಿ ಖಾಲಿ ಮಾಡಿ.

ಇದಕ್ಕೆ ನೀರು ಜಾಸ್ತಿ ಬೇಕು. ನೀರಿನ ಕನೆಕ್ಷನ್ ಮತ್ತು ಕೊಳಕು ನೀರು ಬಿಡುವ ವ್ಯವಸ್ಥೆ ಎರಡೂ ಇರುವ ತಾಣದಲ್ಲೇ ಮಾಡಿ. ಬ್ಲೀಚ್ ನೀರನ್ನು ಮಣ್ಣಿಗೆ ಬಿಡಬಾರದು.

ಕೊಳಕು ಟ್ಯಾಂಕುಗಳು

ಟಾಯ್ಲೆಟ್ ಟ್ಯಾಂಕಿಗೆ ಬ್ಲೀಚ್ ಬೇಡ. ಮಲವನ್ನು ಕೊಳೆಸಿ ಕರಗಿಸುವ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ, ರಬ್ಬರ್ ಸೀಲ್ ಕೂಡ ಒಣಗುತ್ತದೆ. ಆ ಟ್ಯಾಂಕಿನ ವಾಲ್ವ್ ಯಾವಾಗಲೂ ತೆರೆದಿಡಬೇಡಿ. ನೀರೆಲ್ಲ ಹರಿದು ಹೋಗಿ ಗಟ್ಟಿಯಾದದ್ದು ತಳದಲ್ಲಿ ರಾಶಿ ಬೀಳುತ್ತದೆ. ಮುಕ್ಕಾಲು ಭಾಗ ತುಂಬಲು ಬಂದಾಗ ಒಮ್ಮೆಲೇ ಬಿಡಿ. ಮೊದಲು ಟಾಯ್ಲೆಟ್ ಟ್ಯಾಂಕ್, ನಂತರ ಸಿಂಕ್ ಮತ್ತು ಸ್ನಾನದ ನೀರಿನ ಟ್ಯಾಂಕ್. ಎರಡನೆಯದು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ.

ಪಾತ್ರೆ ತೊಳೆಯುವ ಮುಂಚೆ ಹಳೆ ಪೇಪರಿನಿಂದ ಒರೆಸಿಬಿಡಿ. ಟ್ಯಾಂಕಿನ ದುರ್ವಾಸನೆಗೆ ದೊಡ್ಡ ಕಾರಣ ಈ ಜಿಡ್ಡು ಮತ್ತು ಎಂಜಲು. ಶವರ್‌ನಲ್ಲಿ ಬಿಸಿನೀರು ಬರುವವರೆಗೆ ಹೋಗುವ ತಣ್ಣೀರನ್ನು ಬಕೆಟಿನಲ್ಲಿ ಹಿಡಿಯಿರಿ, ಟಾಯ್ಲೆಟ್ ಫ್ಲಶ್‌ಗೆ ಆಯಿತು.

ಕಿಟಕಿ, ಚಾವಣಿ

ಕಿಟಕಿ ಗಾಜಿನದೋ ಅಕ್ರಿಲಿಕ್‌ದೋ ಮೊದಲು ನೋಡಿಕೊಳ್ಳಿ. ಅಕ್ರಿಲಿಕ್‌ಗೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಾಕಿದರೆ ಕೂದಲೆಳೆಯಂಥ ಬಿರುಕು ಹಬ್ಬುತ್ತದೆ, ಅದು ಸರಿಹೋಗುವುದಿಲ್ಲ. ಮೊದಲು ನೀರು ಹಾಕಿ ಧೂಳು ಇಳಿಸಿ, ಎರಡು ಹನಿ ಲಿಕ್ವಿಡ್ ಬೆರೆಸಿದ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ. ರಬ್ಬರ್ ಚಾವಣಿಗೂ ಇದೇ ಸೋಪುನೀರು ಸಾಕು. ಪೆಟ್ರೋಲಿಯಂ ಅಂಶವಿರುವ ಕ್ಲೀನರ್ ರಬ್ಬರನ್ನು ಉಬ್ಬಿಸಿಬಿಡುತ್ತದೆ. ಅರವತ್ತು ದಾಟಿದ ಮೇಲೆ ಒದ್ದೆ ಚಾವಣಿ ಹತ್ತುವುದು ಬೇಡವೇ ಬೇಡ. ಉದ್ದ ಹಿಡಿಯ ಬ್ರಷ್ ಹಿಡಿದು ನೆಲದ ಮೇಲೆ ನಿಂತೇ ಎಟುಕುವಷ್ಟು ಉಜ್ಜಿ, ಉಳಿದದ್ದಕ್ಕೆ ಯಾರನ್ನಾದರೂ ಕರೆಯಿರಿ.

ಹಳೆಯದಕ್ಕೆ ಹೊಸ ಕೆಲಸ

ಮೆತ್ತಗಾದ ಹತ್ತಿ ಟೀ ಶರ್ಟ್‌ಗಿಂತ ಒಳ್ಳೆ ಒರೆಸುಬಟ್ಟೆ ಸಿಗುವುದಿಲ್ಲ. ಹೊಲಿಗೆ, ಗುಂಡಿ ಎಲ್ಲ ಕತ್ತರಿಸಿ ತೆಗೆದು ಚೌಕ ಮಾಡಿಕೊಳ್ಳಿ. ಜೋಡಿ ಕಳೆದುಕೊಂಡ ಕಾಲುಚೀಲ ಕೈಗೆ ಹಾಕಿಕೊಂಡರೆ ಕಿಟಕಿ ಪಟ್ಟಿಗಳ ಧೂಳು ಒಂದೇ ಎಳೆತಕ್ಕೆ ಬರುತ್ತದೆ. ಅದೇ ಕಾಲುಚೀಲ ಗಾಜಿನ ಲೋಟಕ್ಕೆ ತೊಡಿಸಿದರೆ ಗಾಡಿ ಓಡುವಾಗ ಲೋಟ ಒಂದಕ್ಕೊಂದು ತಾಗಿ ಒಡೆಯುವುದಿಲ್ಲ, ಕಿಣಿಕಿಣಿ ಸದ್ದೂ ಇರುವುದಿಲ್ಲ. ಹಳೆ ಟವೆಲ್ ತುಂಡನ್ನು ಬಾಣಲೆಗಳ ನಡುವೆ ಇಡಿ.

ನನಗೆ ತುಂಬ ಇಷ್ಟವಾದದ್ದು ಸೈಕಲ್ಲಿನ ಹಳೆ ಟ್ಯೂಬ್. ಅಡ್ಡಕ್ಕೆ ಬಳೆಯ ಹಾಗೆ ಕತ್ತರಿಸಿದರೆ ಬಲವಾದ ರಬ್ಬರ್ ಬ್ಯಾಂಡ್‌ಗಳು ಸಿಗುತ್ತವೆ. ಶವರಿಗೆ ಚೀಲ ಬಿಗಿಯಲು, ಸುತ್ತಿಟ್ಟ ವಿದ್ಯುತ್ ಕೇಬಲ್ ಕಟ್ಟಲು, ಕಪಾಟಿನ ಎರಡು ಹಿಡಿಗಳನ್ನು ಸೇರಿಸಿ ಬಾಗಿಲು ತೆರೆಯದಂತೆ ಹಿಡಿಯಲು ಒಂದೇ ಟ್ಯೂಬ್ ಸಾಕು.

ಹಳೆ ಶವರ್ ಪರದೆ ತೊಳೆದು ಒಣಗಿಸಿಟ್ಟರೆ ಗಾಡಿಯಡಿ ಮಲಗಿ ಏನಾದರೂ ನೋಡಬೇಕಾದಾಗ ನೆಲಕ್ಕೆ ಹಾಸಬಹುದು. ಒದ್ದೆ ಇರುವಾಗ ಮಡಚಬೇಡಿ, ಬೂಷ್ಟು ಹಿಡಿಯುತ್ತದೆ. ಹೊರಗಿನ ನೆರಳುಪರದೆಗೂ ಇದೇ ಮಾತು. ಮಳೆಯಲ್ಲಿ ಸುತ್ತಿಡಬೇಕಾಗಿ ಬಂದರೆ ಬಿಸಿಲು ಬಂದ ತಕ್ಷಣ ಬಿಚ್ಚಿ ಒಣಗಿಸಿ.

ಇನ್ನು ಡಬ್ಬಿ, ಜಾಡಿಗಳು. ಇದರಲ್ಲಿ ಸ್ವಲ್ಪ ಕಠಿಣವಾಗಿರಬೇಕು. ಮುಂದೆ ಯಾವತ್ತಾದರೂ ಬೇಕಾದೀತು ಎಂದು ಎತ್ತಿಟ್ಟದ್ದು ಮರುಬಳಕೆ ಅಲ್ಲ, ಹೊರೆ. ಏನು ತುಂಬುತ್ತೀರಿ ಎಂದು ಇವತ್ತೇ ಹೇಳಲು ಆದರೆ ಇಟ್ಟುಕೊಳ್ಳಿ. ಪ್ಲಾಸ್ಟಿಕ್‌ದಾದರೆ ಸ್ಕ್ರೂ, ಫ್ಯೂಸ್, ವಾಷರ್ ಹಾಕಲು ಒಂದೆರಡು ಸಾಕು. ಗಾಜಿನದು ಓಡುವ ಗಾಡಿಗೆ ಸರಿಯಲ್ಲ.

ಮರದ ಸಾಮಾನಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಗಾಡಿಯಿಂದ ದೂರದಲ್ಲಿ ಬಿಡಿಸಿ ಹರವಿ, ಪೂರ್ತಿ ಒಣಗಿ ಗಟ್ಟಿಯಾದ ಮೇಲೆ ಎಸೆಯಿರಿ.