ಹಳೇ ಝಿಯಾನ್‌ನಿಂದ ಕಟ್ಟಿಕೊಂಡ ರೆಂಡರಿಂಗ್ ಯಂತ್ರ

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅನಿಮೇಶನ್ ಮಾಡುವುದು ನನ್ನ ಕೆಲಸ. ದೊಡ್ಡ ಸೀನ್‌ಗಳು ನನ್ನ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವುದಿಲ್ಲ, ಪ್ರೊಸೆಸರ್‌ನಲ್ಲೇ ರೆಂಡರ್ ಮಾಡಬೇಕು, ಅಂದರೆ ಸೀನ್ ಅನ್ನು ಲೆಕ್ಕಹಾಕಿ ಅಂತಿಮ ಚಿತ್ರವಾಗಿಸಬೇಕು. ಅದಕ್ಕೆ ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ಜಾಸ್ತಿ ಬೇಕು, ರ‍್ಯಾಮ್ ಇನ್ನೂ ಜಾಸ್ತಿ ಬೇಕು. ಹೊಸದರಲ್ಲಿ ಎರಡೂ ನನ್ನ ಬಜೆಟ್ಟಿಗೆ ಎಟುಕಲಿಲ್ಲ. ಸರ್ವರ್‌ನಿಂದ ಬಿಚ್ಚಿದ ಪ್ರೊಸೆಸರ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ.

ಆರಿಸಿದ್ದು ಇಂಟೆಲ್ ಕಂಪನಿಯ ಸರ್ವರ್ ಪ್ರೊಸೆಸರ್ ಝಿಯಾನ್ ಇ5-2680 ವಿ4. 2016ರದ್ದು. 14 ಕೋರ್, 28 ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ನಡೆಸುತ್ತದೆ), 120 ವಾಟ್. ಕೊಳ್ಳುವಾಗ ಚಿಪ್ಪಿನ ಲೋಹದ ಮುಚ್ಚಳ ಓದಿ. ಮಾಡೆಲ್ ಹೆಸರಿನ ಬದಲು 'ಇಂಟೆಲ್ ಕಾನ್ಫಿಡೆನ್ಶಿಯಲ್' ಅಂತಿದ್ದರೆ ಅದು ಪರೀಕ್ಷೆಗೆಂದು ಮಾಡಿದ ಚಿಪ್. ಎಷ್ಟೇ ಅಗ್ಗವಾದರೂ ಬೇಡ.

ನಿಜವಾದ ಲಾಭ ಇರುವುದು ರ‍್ಯಾಮ್‌ನಲ್ಲಿ. ಸರ್ವರ್‌ಗಳ ರಿಜಿಸ್ಟರ್ಡ್ (ಸಂಕೇತಗಳನ್ನು ಹಿಡಿದು ಕಳಿಸುವ ಚಿಪ್ ಇರುವ) ಇಸಿಸಿ (ತಪ್ಪು ತಿದ್ದುವ) ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ನಡೆಯುವುದಿಲ್ಲ. ಕೇಳುವವರು ಕಡಿಮೆ, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ. ನಾನು ಸಿ612 ಚಿಪ್‌ಸೆಟ್ ಇರುವ ವರ್ಕ್‌ಸ್ಟೇಷನ್ ಮದರ್‌ಬೋರ್ಡ್ ಹಿಡಿದದ್ದೇ ಇದಕ್ಕಾಗಿ, ಅದರಲ್ಲಿ ಈ ರ‍್ಯಾಮ್ ನಡೆಯುತ್ತದೆ. 32 ಜಿಬಿಯ ನಾಲ್ಕು ಸ್ಟಿಕ್, ಒಟ್ಟು 128 ಜಿಬಿ. ನಾಲ್ಕೇ ಯಾಕೆ ಅಂದರೆ ಈ ಪ್ರೊಸೆಸರ್‌ಗೆ ಮೆಮೊರಿ ಚಾನೆಲ್, ಅಂದರೆ ರ‍್ಯಾಮ್ ತಲುಪುವ ದಾರಿ, ನಾಲ್ಕಿವೆ. ರ‍್ಯಾಮ್ ನಿಧಾನದ ಡಿಡಿಆರ್4-2400 ಆದರೂ ನಾಲ್ಕೂ ತುಂಬಿದರೆ ಸೆಕೆಂಡಿಗೆ 76.8 ಜಿಬಿ ತನಕ ಡೇಟಾ ಹರಿಯುವ ದಾರಿ ಸಿಗುತ್ತದೆ. ಎರಡೇ ಚಾನೆಲ್ಲಿನ, ಹೆಚ್ಚು ವೇಗದ ಡಿಡಿಆರ್4-3200ರಲ್ಲಿ ಅದು 51.2 ಮಾತ್ರ. ಒಂದು ಬಿಟ್ ತಪ್ಪಿದರೆ ಇಸಿಸಿ ತಾನೇ ಸರಿಮಾಡುತ್ತದೆ. ರಾತ್ರಿಯಿಡೀ ರೆಂಡರ್‌ಗೆ ಬಿಟ್ಟು ಮಲಗುವವರಿಗೆ ಇದು ದೊಡ್ಡ ನೆಮ್ಮದಿ ಅಲ್ವಾ? ಆದರೆ ರಿಜಿಸ್ಟರ್ಡ್ ರ‍್ಯಾಮ್ ಜೊತೆ ಮಾಮೂಲಿ ರ‍್ಯಾಮ್ ಬೆರೆಸಬೇಡಿ, ಯಂತ್ರ ಏಳುವುದಿಲ್ಲ.

ಕೂಲರ್ ತರುವ ಮುಂಚೆ ಪ್ರೊಸೆಸರ್ ಕೂರುವ ಸಾಕೆಟ್ ಸುತ್ತಲಿನ ಸ್ಕ್ರೂ ತೂತುಗಳನ್ನು ಅಳೆದೆ. 80 × 80 ಮಿ.ಮೀ. ಇದ್ದರೆ ಡೆಸ್ಕ್‌ಟಾಪ್ ಕೂಲರ್ ಸುಲಭವಾಗಿ ಸಿಗುತ್ತದೆ. ಹಲವು ಸರ್ವರ್ ಬೋರ್ಡ್‌ಗಳಲ್ಲಿ 94 × 56 ಇರುತ್ತದೆ, ಅದಕ್ಕೆ ಬೇರೆಯದೇ ಬೇಕು.

ಈ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕಲೇಬೇಕು. ವಿಂಡೋಸ್ 11 ಬೆಂಬಲಿಸುವ ಪಟ್ಟಿಯಲ್ಲೂ ಇದು ಇಲ್ಲ. ನಾನು ಲಿನಕ್ಸ್ ಹಾಕಿದ್ದೇನೆ.

ರೆಂಡರ್ ಶುರುವಾದರೆ 28 ಥ್ರೆಡ್ಡೂ ದುಡಿಯುತ್ತವೆ. ಮಾಡೆಲಿಂಗ್ ಮಾಡುವಾಗ ಹೆಚ್ಚಿನ ಭಾರ ಒಂದೇ ಕೋರ್ ಮೇಲೆ ಬೀಳುತ್ತದೆ, ಅದರ ಗರಿಷ್ಠ ವೇಗ 3.3 ಗಿಗಾಹರ್ಟ್ಸ್. ಆಗ ಯಂತ್ರ ನಿಧಾನ ಅನ್ನಿಸುತ್ತದೆ. ಗೇಮ್, ಫೋಟೋ ಎಡಿಟಿಂಗ್ ಮಾಡುವವರು ಇಷ್ಟೊಂದು ಕೋರ್ ಸುಮ್ನೆ ಕೊಳ್ಳಬೇಡಿ. ಇದೇ ಸಾಕೆಟ್ಟಿಗೆ ಇ5-1650 ವಿ4 ಬರುತ್ತದೆ. ಕೋರ್ ಆರೇ, ಆದರೆ 4 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. ಅಗ್ಗದ ಇಸಿಸಿ ರ‍್ಯಾಮ್ ಅದಕ್ಕೂ ಹೊಂದುತ್ತದೆ.