ಗೋಕರ್ಣಕ್ಕೆ ಹೋದವರು ಊರು ನೋಡುವುದು ಹೇಗೆ?

ಓಂ ಬೀಚಿನಲ್ಲಿ ಮೂರು ದಿನ ಕಳೆದು ‘ಗೋಕರ್ಣ ನೋಡಿ ಬಂದೆವು’ ಎನ್ನುವವರು ನೋಡಿರುವುದು ಅದರ ಅಂಚನ್ನು ಮಾತ್ರ. ಕಡಲಿಗೆ ಬೆನ್ನು ಹಾಕಿ ಹೊರಟರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು, ತದಡಿ ಬಂದರು, ಬಂಕಿಕೊಡ್ಲ, ಹನೇಹಳ್ಳಿ ಎಲ್ಲವೂ ಸ್ಕೂಟರಿಗೆ ಎಟಕುವಷ್ಟು ಹತ್ತಿರ. ತೊಡಕು ಒಂದೇ. ಇಲ್ಲಿನ ಕೆಲಸಗಳು ನಮ್ಮ ರಜೆಗೆ ಕಾಯುವುದಿಲ್ಲ. ಮಳೆ ಮತ್ತು ಹೊಳೆಯ ಭರತ–ಇಳಿತವನ್ನು ನೋಡಿಕೊಂಡು ನಡೆಯುತ್ತವೆ.

ಆದ್ದರಿಂದ ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತದಡಿಯಲ್ಲಿ ಬೋಟುಗಳು ಸುಮ್ಮನೆ ನಿಂತಿರುತ್ತವೆ. ಆದರೆ ಅಘನಾಶಿನಿ ಹೊಳೆಯ ದಂಡೆಯಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ಬಿತ್ತನೆ ನಡೆಯುವುದು ಆಗಲೇ. ಉಪ್ಪುನೀರಿಗೆ ಜಗ್ಗದ, ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವ ತಳಿ ಇದು. ಅಕ್ಟೋಬರ್, ನವೆಂಬರಿನಲ್ಲಿ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ನನ್ನನ್ನು ಕೇಳಿದರೆ ಮಾರ್ಚ್ ಒಳ್ಳೆಯದು. ಸೆಕೆ ಬೆವರಿಳಿಸುತ್ತದೆ, ನಿಜ. ಆದರೆ ಉಪ್ಪು ತೆಗೆಯುವ ಕಾಲ ಅದು, ಹೋಳಿಯ ಹೊತ್ತಿಗೆ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯದವರ ಸುಗ್ಗಿ ಕುಣಿತವೂ ಸಿಗುತ್ತದೆ. ಬೇಸಿಗೆ ಬಲಿತಂತೆ ಕುಮಟಾದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದಂತೆ ಕಟ್ಟಿ ತೂಗುಬಿಟ್ಟ ಸಿಹಿ ಈರುಳ್ಳಿಯೂ ಕಾಣಿಸಿಕೊಳ್ಳುತ್ತದೆ.

ಉಳಿಯುವ ಜಾಗ ಆರಿಸುವಾಗ ಒಂದನ್ನು ಕೇಳಿದರೆ ಸಾಕು: ಮನೆಯವರು ಅಲ್ಲಿಯೇ ವಾಸವಾಗಿದ್ದಾರೆಯೇ? ಇಲ್ಲವೆಂದಾದರೆ ಅದು ಹೆಂಚು ಹೊದಿಸಿದ ಲಾಡ್ಜು, ಅಷ್ಟೇ. ಇದ್ದಾರೆಂದಾದರೆ ಅವರು ಉಣ್ಣುವುದನ್ನೇ ನಮಗೂ ಬಡಿಸಿ ಎಂದು ಮೊದಲೇ ಹೇಳಿಬಿಡಿ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ತಂಬುಳಿಯೋ ಬಂಗಡೆ ಸಾರೋ, ಅದು ಯಾರ ಮನೆ ಎಂಬುದರ ಮೇಲೆ. ಪನೀರ್ ಕೇಳಿ ಅವರನ್ನು ಪೇಟೆಗೆ ಓಡಿಸಬೇಡಿ.

ಬಂದ ದಿನವೇ ನೀರಿಳಿಯುವ ಹೊತ್ತನ್ನು ತಿಳಿದುಕೊಳ್ಳಿ. ಮೊಬೈಲಿನಲ್ಲೂ ಸಿಗುತ್ತದೆ, ಆದರೆ ಮೀನು ಹಿಡಿಯುವವರನ್ನು ಕೇಳುವುದೇ ಮೇಲು. ಮಾತಿಗೆ ಅದೊಂದು ನೆಪವಾಗುತ್ತದೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿದು, ಹೊಳೆ ಕಡಲು ಸೇರುವ ಅಳಿವೆಯ ದಿಬ್ಬಗಳು ತೆರೆದುಕೊಳ್ಳುತ್ತವೆ, ಬಳಚು ಎಂಬ ಚಿಪ್ಪುಜೀವಿಯನ್ನು ಆಯುವವರು ಬುಟ್ಟಿ ಹಿಡಿದು ಇಳಿಯುತ್ತಾರೆ. ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ನೀವು ದಡದಲ್ಲೇ ನಿಲ್ಲಿ. ಆ ಕೆಸರಿನಲ್ಲಿ ಎಲ್ಲಿ ಕಾಲಿಡಬೇಕೆಂದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಸಾಣಿಕಟ್ಟಾಕ್ಕೆ ಹೋಗಿ. ಅಲ್ಲಿ ನಾನು ಮಾಡಿದ ಎಡವಟ್ಟನ್ನು ನೀವು ಮಾಡಬೇಡಿ. ಒಳ್ಳೆಯ ಫೋಟೊ ಸಿಗಲಿ ಎಂದು ಬದುವಿನಿಂದ ಇಳಿದು ಚಪ್ಪಲಿಯಲ್ಲೇ ಉಪ್ಪು ಕಟ್ಟುವ ಮಡಿಯೊಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆ. ಆಚೆ ಹಲಗೆಯಿಂದ ಉಪ್ಪು ಎಳೆಯುತ್ತಿದ್ದ ಮುದುಕರು ಕೈ ನಿಲ್ಲಿಸಿದರು. “ತಮ್ಮಾ, ನೀನು ನಿಂತಿರುವುದು ಊಟದ ಬಟ್ಟಲಿನಲ್ಲಿ” ಎಂದರು. ಬಗ್ಗಿ ನೋಡಿದರೆ ಸಕ್ಕರೆಯ ಕೆನೆಯಂತೆ ಕಟ್ಟಿದ್ದ ಹರಳಿನ ಪದರದ ಮೇಲೆ ನಾಲ್ಕು ಕೆಂಪು ಮಣ್ಣಿನ ಗುರುತು. ಚಪ್ಪಲಿ ಕೈಗೆ ತೆಗೆದುಕೊಂಡು ಬದುವಿಗೆ ಹತ್ತಿದ ಮೇಲೆಯೇ ಅವರು ಮತ್ತೆ ಮಾತನಾಡಿದ್ದು. ಭರತದ ನೀರನ್ನು ಕಾಲುವೆಯಿಂದ ಒಳಗೆ ತೆಗೆದುಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಬಿಸಿಲಿನಲ್ಲಿ ದಪ್ಪಗಾಗಿಸಿ, ಕೊನೆಗೆ ತುಳಿದು ಗಟ್ಟಿ ಮಾಡಿದ ಮಡಿಗಳಿಗೆ ಬಿಡುತ್ತಾರೆ. ನೆಲ ಮೆತ್ತಗಾದರೆ ಉಪ್ಪಿನ ಜೊತೆ ಕೆಸರೂ ಬರುತ್ತದೆ. ಇಲ್ಲಿನ ಕಲ್ಲುಪ್ಪು ತುಸು ಮಾಸಲಾಗಿ ಕಂಡರೆ ಗಾಬರಿಯಾಗಬೇಡಿ. ಅದು ಈ ನೆಲದ ಬಣ್ಣ. ಮಾರಾಟಕ್ಕಿದ್ದರೆ ಎರಡು ಕಿಲೋ ತನ್ನಿ, ಮಿಡಿ ಉಪ್ಪಿನಕಾಯಿಗೆ ಆಗುತ್ತದೆ.

ಅಲ್ಲಿಂದ ಗೋಕರ್ಣ ಪೇಟೆಗೆ ವಾಪಸಾದರೆ ಹಾಲಕ್ಕಿ ಹೆಂಗಸರು ತಾವೇ ಬೆಳೆದ ಹರಿವೆ, ಬಸಳೆ, ಬದನೆ ಹರಡಿಕೊಂಡು ಕುಳಿತಿರುತ್ತಾರೆ. ಚೌಕಾಸಿ ಮಾಡದೆ ಕೊಳ್ಳಿ. ‘ಈ ಬದನೆ ಹೇಗೆ ಮಾಡುವುದು ಅಕ್ಕಾ?’ ಎಂದರೆ ಅಡುಗೆಯೇ ಹೇಳಿಕೊಡುತ್ತಾರೆ. ಅವರ ಕೊರಳ ಮಣಿಸರಗಳನ್ನು ಕೇಳದೆ ಕ್ಯಾಮೆರಾಕ್ಕೆ ಹಿಡಿಯುವುದು, ಒಂದು ಹಾಡು ಹಾಡಿ ಎಂದು ಪೀಡಿಸುವುದು ಬೇಡ. ನೂರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು 2017ರಲ್ಲಿ ಪದ್ಮಶ್ರೀ ಪಡೆದ ಅಂಕೋಲಾದ ಸುಕ್ರಜ್ಜಿ, ಅಂದರೆ 2025ರಲ್ಲಿ ತೀರಿಕೊಂಡ ಸುಕ್ರಿ ಬೊಮ್ಮಗೌಡ, ಇದೇ ಸಮುದಾಯದವರಾಗಿದ್ದರು. ಆ ಹಾಡುಗಳು ಮದುವೆಗೆ, ಸುಗ್ಗಿಗೆ, ಗದ್ದೆ ಕೆಲಸಕ್ಕೆ ಹುಟ್ಟಿದವು, ನಮ್ಮ ರೀಲ್ಸಿಗಲ್ಲ.

ಯಾರಾದರೂ ಕೆಲಸ ಬಿಟ್ಟು ನಿಮಗಾಗಿ ಅರ್ಧ ದಿನ ಸುತ್ತಿದರೆ ಕೂಲಿಗಿಂತ ಕಡಿಮೆ ಕೊಡಬೇಡಿ, ಮತ್ತು ಎಷ್ಟೆಂದು ಹೊರಡುವ ಮೊದಲೇ ಮಾತಾಡಿ. ಕೊನೆಯಲ್ಲಿ ನಾಚಿಕೆಯಿಂದ ‘ನಿಮಗೆ ತಿಳಿದಷ್ಟು ಕೊಡಿ’ ಎನ್ನುತ್ತಾರೆ, ನಮಗೆ ತಿಳಿದಿರುವುದಿಲ್ಲ.

ಸಂಜೆಗೆ ತದಡಿ. ಮೀನು ಬಂದಿದ್ದರೆ ಹರಾಜು ನೋಡಬಹುದು, ಬುಟ್ಟಿ ಹೊತ್ತವರಿಗೆ ದಾರಿ ಬಿಟ್ಟು ನಿಂತರೆ ಯಾರೂ ಬೈಯುವುದಿಲ್ಲ. ಹೊಳೆಯ ಆಚೆ ದಡದಲ್ಲಿರುವುದು ಅಘನಾಶಿನಿ ಊರು. ಊರಿನವರೊಂದಿಗೆ ಬಾರ್ಜ್ ಹತ್ತಿ ದಾಟಿ, ತೆಂಗಿನ ತೋಟಗಳ ನಡುವೆ ಒಂದು ಸುತ್ತು ಹಾಕಿ ಬನ್ನಿ. ವಾಪಸು ಬರುವ ಕೊನೆಯ ಬಾರ್ಜ್ ಎಷ್ಟು ಹೊತ್ತಿಗೆ ಎಂಬುದನ್ನು ಮಾತ್ರ ಹತ್ತುವ ಮೊದಲೇ ಕೇಳಿಕೊಳ್ಳಿ.