ಮಡಚುವ ಸ್ಟೂಲು, ನಾಲ್ಕು ಚಿತ್ರ

ನಾವಿರುವುದು ಕನಕಪುರ ರಸ್ತೆ ಕಡೆ, ಹಿರಿಯರಿಗೆ ಅಂತಲೇ ಕಟ್ಟಿದ ಮನೆಗಳಲ್ಲಿ. ಬೆಳಿಗ್ಗೆ ವಾಕಿಂಗ್, ಸಂಜೆ ಭಜನೆ, ಭಾನುವಾರ ತಂಬೋಲ. ನಾನು 32 ವರ್ಷ ಬ್ಯಾಂಕಿನಲ್ಲಿ ಇದ್ದವಳು. ತಂಬೋಲದ ನಂಬರ್ ಕೂಗಿದರೆ ಟೋಕನ್ ಕೂಗಿದ ಹಾಗೇ ಕೇಳಿಸುತ್ತಿತ್ತು. ಬೇರೆ ಏನಾದರೂ ಮಾಡೋಣ ಅನಿಸಿ, ‘ಚಿತ್ರ ನೋಡಲು ಯಾರು ಬರ್ತೀರಿ?’ ಅಂತ ಒಂದು ಚೀಟಿ ಅಂಟಿಸಿದೆ. ಮೂರು ಜನ ಬಂದರೆ ಜಾಸ್ತಿ ಅಂದುಕೊಂಡಿದ್ದೆ. 14 ಹೆಸರು ಬಂತು.

ಅದಕ್ಕೆ ಕಾರಣ ನಾನಲ್ಲ, ಹಳೇ ಹಿಂದಿ ಸಿನಿಮಾದ ತಾರೆ ದೇವಿಕಾ ರಾಣಿ. ನಮ್ಮ ರಸ್ತೆಯಲ್ಲೇ ಇರುವ ತಾತಗುಣಿ ಎಸ್ಟೇಟಿನಲ್ಲಿ ಆಕೆ, ಗಂಡ ಸ್ವೆತೊಸ್ಲಾವ್ ರೋರಿಕ್ ಜೊತೆ ಬಾಳಿದವರು. ಆತ ಮತ್ತು ಆತನ ತಂದೆ ನಿಕೊಲಸ್ ರೋರಿಕ್ ಬರೆದ ಚಿತ್ರಗಳು ಚಿತ್ರಕಲಾ ಪರಿಷತ್ತಿನಲ್ಲಿವೆ ಅಂತ ಚೀಟಿಯಲ್ಲಿ ಬರೆದಿದ್ದೆ. ನಮ್ಮ ವಯಸ್ಸಿನವರಿಗೆ ಆ ಹೆಸರು ಸಾಕು.

ಮೊದಲ ಸಲ ಎಲ್ಲವನ್ನೂ ನೋಡಿಬಿಡಬೇಕು ಅಂತ ಹೊರಟೆವು. ಅದೇ ತಪ್ಪಾಗಿದ್ದು. ರೋರಿಕರ ಹಿಮಾಲಯ ಆಯಿತು, ತೊಗಲು ಗೊಂಬೆ ಆಯಿತು, ಇನ್ನೊಂದು ಕೋಣೆ, ಮತ್ತೊಂದು ಕೋಣೆ. ಅಷ್ಟರಲ್ಲಿ ಮಂಡಿ ಹಿಡಿದುಕೊಂಡು ಇಬ್ಬರು ಮೆಟ್ಟಿಲ ಮೇಲೆ ಕೂತರು. ಒಬ್ಬರಿಗೆ ತಲೆ ಸುತ್ತಿತು. ವಾಪಸ್ ಬರುವಾಗ ವ್ಯಾನಿನಲ್ಲಿ ಕೇಳಿದೆ, ಯಾವ ಚಿತ್ರ ನೆನಪಿದೆ ಅಂತ. ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿಂದಿನ ಸೀಟಿನಿಂದ ಒಂದು ದನಿ: “ಕಾಫಿ ಚೆನ್ನಾಗಿತ್ತು ಮೇಡಂ.”

ಅವತ್ತು ರಾತ್ರಿ ನನಗೆ ಸಿಟ್ಟು ಬಂದಿದ್ದು ನಿಜ. ಬೆಳಿಗ್ಗೆ ಯೋಚಿಸಿದರೆ ಅವರ ತಪ್ಪೇನಿದೆ? ಗಂಟೆಗೆ ನೂರು ಚಿತ್ರ ತೋರಿಸಿದರೆ ಯಾರಿಗೆ ತಾನೇ ನೆನಪಿರುತ್ತದೆ?

ಈಗ ಒಂದು ಗುರುವಾರಕ್ಕೆ ನಾಲ್ಕೇ ಚಿತ್ರ. ಹಿಂದಿನ ದಿನ ನಾನೊಬ್ಬಳೇ ಹೋಗಿ ಆರಿಸಿಕೊಂಡು ಬರುತ್ತೇನೆ. ಶೌಚಾಲಯ ಎಲ್ಲಿದೆ, ಲಿಫ್ಟ್ ಓಡುತ್ತಿದೆಯಾ, ಎಷ್ಟು ಮೆಟ್ಟಿಲು, ಎಲ್ಲ ಬರೆದುಕೊಳ್ಳುತ್ತೇನೆ. ಮಡಚುವ ಸ್ಟೂಲು ಒಳಗೆ ಬಿಡುತ್ತಾರಾ ಅಂತ ಬಾಗಿಲಲ್ಲೇ ಕೇಳಿಬಿಡುತ್ತೇನೆ. ಇಂಥ ಎಂಟು ಸ್ಟೂಲು ಕೊಂಡಿದ್ದೇವೆ. ಹಾಗಾಗಿ ಒಂದು ಸಲಕ್ಕೆ ಎಂಟೇ ಜನ. ಬಾಡಿಗೆ ವ್ಯಾನಿನ ಮೊದಲ ಮೆಟ್ಟಿಲು ತುಂಬಾ ಎತ್ತರ. ಹೇಳಿ ಹೇಳಿ ಸಾಕಾಗಿ, ಬಚ್ಚಲುಮನೆಯ ಪ್ಲಾಸ್ಟಿಕ್ ಮಣೆಯನ್ನೇ ಜೊತೆಗೆ ಇಟ್ಟುಕೊಂಡಿದ್ದೇವೆ. ಟ್ರಾಫಿಕ್ ಇಳಿದ ಮೇಲೆ ಹೊರಟು ಊಟದ ಹೊತ್ತಿಗೆ ವಾಪಸ್. ಅರ್ಧ ಜನರಿಗೆ ಸಕ್ಕರೆ ಮಾತ್ರೆ ಇದೆಯಲ್ಲ. ಸೋಮವಾರ ಮ್ಯೂಸಿಯಂ ರಜೆ ಇರುವುದೇ ಜಾಸ್ತಿ. ದುರಸ್ತಿ ಅಂತ ಬಾಗಿಲು ಹಾಕಿರುವುದೂ ಉಂಟು. ಫೋನ್ ಮಾಡದೆ ಹೊರಡಬೇಡಿ.

ಚಿತ್ರದ ಮುಂದೆ ಕೂತ ಮೇಲೆ ಹತ್ತು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಪಕ್ಕದ ಚೀಟಿ ಓದುವ ಹಾಗೂ ಇಲ್ಲ. ಆಮೇಲೆ ಒಬ್ಬೊಬ್ಬರು ತಮಗೆ ಕಂಡದ್ದು ಒಂದು ಹೇಳಬೇಕು. ‘ಚೆನ್ನಾಗಿದೆ’ ಅಂದರೆ ಲೆಕ್ಕಕ್ಕಿಲ್ಲ. ಮೊದಲೆರಡು ವಾರ ಹತ್ತು ನಿಮಿಷ ಅಂದರೆ ಹತ್ತು ಗಂಟೆ ಅನ್ನಿಸುತ್ತಿತ್ತು. ಒಬ್ಬರು ಗೊರಕೆ ಹೊಡೆದರು. ಪರವಾಗಿಲ್ಲ.

ಫಲ ಕಂಡಿದ್ದು ಪರಿಷತ್ತಿಗೆ ಎರಡನೇ ಸಲ ಹೋದಾಗ. ಮೈಸೂರು ಶೈಲಿಯ ಒಂದು ಚಿತ್ರದ ಮುಂದೆ ಕೂತಿದ್ದೆವು. ನಮ್ಮಲ್ಲೊಬ್ಬರು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ನಡೆಸಿದವರು. ‘ನಂಗೇನೂ ತಿಳಿಯಲ್ಲಮ್ಮ’ ಅನ್ನುತ್ತಲೇ ಬಂದವರು. ಅವರು ಸ್ಟೂಲನ್ನು ಗೋಡೆ ಕಡೆ ಸರಿಸಿ, ತಲೆ ಓರೆ ಮಾಡಿ ಪಕ್ಕದಿಂದ ನೋಡತೊಡಗಿದರು. ಜರಿ ಅಸಲಿಯೋ ನಕಲಿಯೋ ಅಂತ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ. “ಈ ಚಿನ್ನ ಹಚ್ಚಿದ್ದಲ್ಲ. ಕೆಳಗೆ ಏನೋ ಇದೆ, ಉಬ್ಬಿದೆ” ಅಂದರು. ಎಂಟೂ ಜನ ತಲೆ ಓರೆ ಮಾಡಿದೆವು. ಹೌದು, ಒಡವೆಯ ಗೆರೆಗಳು ಕೂದಲೆಳೆಯಷ್ಟು ಎದ್ದು ನಿಂತಿದ್ದವು. ಅದು ಗೆಸ್ಸೊ ಕೆಲಸ. ಬಿಳಿ ಪುಡಿಗೆ ಮಕ್ಕಿ ಅನ್ನುವ ಹಳದಿ ಅಂಟು ಸೇರಿಸಿ ಗೆರೆ ಎಬ್ಬಿಸುತ್ತಾರೆ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಮೈಸೂರಿನಲ್ಲಿ ಈ ಉಬ್ಬು ತೆಳು. ತಂಜಾವೂರಿನಲ್ಲಿ ದಪ್ಪ, ಹರಳು ಬೇರೆ. ಇಷ್ಟು ನಾನು ಓದಿ ತಿಳಿದದ್ದು. ಅವರು ನೋಡಿಯೇ ಕಂಡುಹಿಡಿದರು. ಅವತ್ತಿನಿಂದ ನಾನು ಮೊದಲೇ ಭಾಷಣ ಬಿಗಿಯುವುದನ್ನು ಬಿಟ್ಟೆ.

ಮಾಣಿಕ್ಯವೇಲು ಮಹಲಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಹೋಗುತ್ತೇವೆ. ಅದು ಅಲ್ಲಿ ಶುರುವಾಗಿದ್ದು 2009ರಲ್ಲಿ. ಕೆಲವರು ಒಳಗೆ ಬರದೆ ಮರದ ಕೆಳಗೇ ಕೂತುಬಿಡುತ್ತಾರೆ. ಕೂರಲಿ ಬಿಡಿ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂನಲ್ಲಿ ಹಳೇ ಫೋಟೋ ಕಂಡರೆ ಸಾಕು, ಹತ್ತು ನಿಮಿಷದ ನಿಯಮ ಮುರಿದುಹೋಗುತ್ತದೆ. ಎಲ್ಲರಿಗೂ ತಮ್ಮೂರಿನ ಸ್ಟುಡಿಯೋ ನೆನಪಾಗುತ್ತದೆ.

ಆದರೆ ನಮ್ಮ ಗುಂಪಿಗೆ ಮರೆಯಲಾಗದ್ದು ಒಂದು ಕಲ್ಲು. ಅದೇ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ 1865ರದು. ಅಲ್ಲಿ ಆತಕೂರಿನ ವೀರಗಲ್ಲು ನೋಡಿದೆವು, ಕ್ರಿ.ಶ. 949-50ರದು. ಅದರಲ್ಲಿ ಕೆತ್ತಿರುವುದು ನಾಯಿ ಮತ್ತು ಕಾಡುಹಂದಿ, ಎದುರುಬದುರು. ನಮ್ಮ ಕನ್ನಡ ಮೇಷ್ಟ್ರು ಕಥೆ ಹೇಳಿದರು. ತಕ್ಕೋಲದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರನನ್ನು ಮೆಚ್ಚಿ ಗಂಗರ ಅರಸ ಬೂತುಗ ‘ಏನು ಬೇಕು ಕೇಳು’ ಅಂದನಂತೆ. ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆಮೇಲೆ ಬೇಟೆಯಲ್ಲಿ ಕಾಳಿಯೂ ಹಂದಿಯೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು.

“ಕೇಳಿದ್ದು ನಾಯೀನಾ?” ಅಂದರು ಇಂಜಿನಿಯರ್ ಸಾರ್. ವಿದ್ಯುತ್ ಮಂಡಳಿಯಲ್ಲಿದ್ದವರು, ಹೆಂಡತಿಯ ಒತ್ತಾಯಕ್ಕೆ ವ್ಯಾನ್ ಹತ್ತುತ್ತಿದ್ದವರು. ಅದುವರೆಗೆ ಅವರ ಸರದಿ ಬಂದರೆ ‘ಪಾಸ್’ ಅನ್ನುತ್ತಿದ್ದರು. ನಮ್ಮಲ್ಲಿ ನಾಯಿ ಸಾಕುವ ಹಾಗಿಲ್ಲ, ಇಲ್ಲಿಗೆ ಬರುವಾಗ ಅವರು ತಮ್ಮದನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದವರು. ಅವತ್ತು ಕಲ್ಲಿನ ಮುಂದೆ ಕೂತವರು ಏಳಲೇ ಇಲ್ಲ. ಉಳಿದ ಮೂರನ್ನು ನಾವೇ ನೋಡಿಕೊಂಡು ಬಂದೆವು.

ಸ್ಟೂಲುಗಳು ಅದಲುಬದಲಾಗಿ ಜಗಳ ಆಗುತ್ತಿತ್ತು. ಕಳೆದ ತಿಂಗಳು ಎಲ್ಲರೂ ಮಾರ್ಕರಿನಲ್ಲಿ ಹೆಸರು ಬರೆದುಕೊಂಡರು. ಒಂದರ ಮೇಲೆ ಮಾತ್ರ ‘ಕಾಳಿ’ ಅಂತಿದೆ. ಅದರ ಮೇಲೆ ಬೇರೆ ಯಾರೂ ಕೂರುವುದಿಲ್ಲ.